ಪೈಥಾನ್: ಜಿಸಿ.ಕಲೆಕ್ಟ್ ಕರೆದರೂ ಮೆಮೊರಿ ಇಳಿಯುತ್ತಿಲ್ಲ, 180 ಪುಟಕ್ಕೆ ಪ್ರೋಗ್ರಾಂ ನಿಂತುಹೋಗುತ್ತಿದೆ [ಪರಿಹಾರವಾಗಿದೆ]

ಹಳೆಪುಟ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ಸ್ವಲ್ಪ ನೋಡಿ.

ನಮ್ಮ ತಂದೆ ಬೈಂಡ್ ಮಾಡಿಸಿಟ್ಟಿದ್ದ ಹಳೆಯ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿದ್ದೇನೆ. ಒಟ್ಟು 1140 ಪುಟ, ಎ4 ಅಳತೆ, 300 ಡಿಪಿಐ, ಬಣ್ಣದ ಚಿತ್ರ. ಪ್ರತಿ ಪುಟವನ್ನೂ ನಂಪೈ ಅರೇ (ಪಿಕ್ಸೆಲ್ ಸಂಖ್ಯೆಗಳ ಪಟ್ಟಿ) ಆಗಿ ತೆರೆದು, ಬೂದು ಬಣ್ಣಕ್ಕೆ ತಿರುಗಿಸಿ, ಸಾಲು ಸಾಲಾಗಿ ಕತ್ತರಿಸಿ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಡುತ್ತೇನೆ. ಬಂದ ಪದಗಳನ್ನು ನನ್ನದೇ ಒಂದು ಪದಪಟ್ಟಿಯ ಜೊತೆ ಹೋಲಿಸುತ್ತೇನೆ. ಪೈಥಾನ್ 3.11, ಉಬುಂಟು, 8 ಜಿಬಿ ರ‍್ಯಾಮ್.

180 ಪುಟ ದಾಟುವಷ್ಟರಲ್ಲಿ ಟರ್ಮಿನಲ್‌ನಲ್ಲಿ ‘ಕಿಲ್ಡ್’ ಅಂತ ಒಂದೇ ಪದ ಬಂದು ಎಲ್ಲ ನಿಂತುಹೋಗುತ್ತದೆ. ಪ್ರತಿ ಸಾಲಿನ ಕೊನೆಗೂ ಜಿಸಿ.ಕಲೆಕ್ಟ್() ಹಾಕಿದೆ, ಅಂದರೆ ಬೇಡದ ವಸ್ತುಗಳನ್ನು ಮೆಮೊರಿಯಿಂದ ಗುಡಿಸುವ ಪೈಥಾನ್‌ನ ಜಿಸಿಯನ್ನು (ಗಾರ್ಬೇಜ್ ಕಲೆಕ್ಟರ್) ಕರೆದೆ. ಸಿಕ್ಕ ಕಸದ ಲೆಕ್ಕ ಅಂತ ಅದು ಒಮ್ಮೊಮ್ಮೆ ಸೊನ್ನೆ, ಒಮ್ಮೊಮ್ಮೆ 6, ಒಮ್ಮೊಮ್ಮೆ 12 ಕೊಡುತ್ತದೆ. ಆದರೆ ಮೆಮೊರಿ ಒಂದಿಷ್ಟೂ ಇಳಿಯುವುದಿಲ್ಲ. ಕೆಲಸ ಮಾತ್ರ ಎರಡು ಪಟ್ಟು ನಿಧಾನವಾಗಿದೆ. ಜಿಸಿ.ಗೆಟ್_ಆಬ್ಜೆಕ್ಟ್ಸ್() ನೋಡಿದೆ, ಅದರಲ್ಲಿ ಅರೇ ಒಂದೂ ಇಲ್ಲ. ಹಾಗಾದರೆ ಸೋರುತ್ತಿರುವುದು, ಅಂದರೆ ಕೆಲಸ ಮುಗಿದರೂ ಮೆಮೊರಿಯಲ್ಲೇ ಉಳಿಯುತ್ತಿರುವುದು, ಅರೇ ಅಲ್ಲ, ಅಲ್ವಾ?

ಅನುಮಾನ ಇರುವ ಭಾಗ ಇದು. ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕೋಡನ್ನು ಹೇಳುವ ಹಾಗೆಯೇ ಬರೆದಿದ್ದೇನೆ:

ಜಿಸಿ.ಸೆಟ್_ಡಿಬಗ್(ಜಿಸಿ.ಡಿಬಗ್_ಲೀಕ್)
…
ಟ್ರೈ:
    ಸಾಲುಗಳು = ಸಾಲು_ಹುಡುಕು(ಬೂದು)
ಎಕ್ಸೆಪ್ಟ್ ವ್ಯಾಲ್ಯೂಎರರ್ ಆ್ಯಸ್ ಇ:
    ಸೆಲ್ಫ್.ಎರರ್ = ಇ

ಖಾಲಿ ಪುಟ, ಪೂರ್ತಿ ಚಿತ್ರದ ಪುಟಗಳಲ್ಲಿ ಸಾಲು ಸಿಗದೆ ಎರರ್ ಬರುತ್ತದೆ. ಮೂರಕ್ಕೊಂದು ಪುಟ ಅಂಥದ್ದೇ. ಹೊರಗಿನ ಲೂಪ್ ಆ ಎರರನ್ನು ಲಾಗ್‌ಗೆ ಬರೆದು ಮುಂದಿನ ಪುಟಕ್ಕೆ ಹೋಗುತ್ತದೆ. ಪುಟಗಳನ್ನು ಯಾವ ಲಿಸ್ಟ್‌ನಲ್ಲೂ ಇಟ್ಟುಕೊಂಡಿಲ್ಲ.

ಕಾವೇರಿತೀರ:

ನಮಸ್ಕಾರ ಸರ್. ಕೋಡ್ ಹಾಕಿದ್ದು ಒಳ್ಳೆಯದಾಯಿತು, ತೊಂದರೆ ಅದರಲ್ಲೇ ಕಾಣುತ್ತಿದೆ. ಒಂದಲ್ಲ, ಎರಡು ತೊಂದರೆ ಒಂದರ ಮೇಲೊಂದು ಕೂತಿವೆ.

ಮೊದಲು ಆ ಡಿಬಗ್_ಲೀಕ್ ಸಾಲು ತೆಗೆಯಿರಿ. ಹೆಸರು ನೋಡಿದರೆ ಸೋರಿಕೆ ಹುಡುಕಿಕೊಡುತ್ತದೆ ಅನ್ನಿಸುತ್ತದೆ. ಆದರೆ ಅದರೊಳಗೆ ಡಿಬಗ್_ಸೇವ್‌ಆಲ್ ಕೂಡ ಸೇರಿದೆ. ಸೇವ್‌ಆಲ್ ಇದ್ದರೆ ಜಿಸಿ ಕಸ ಹುಡುಕುತ್ತದೆ, ಆದರೆ ಬಿಸಾಡುವುದಿಲ್ಲ. ನೀವು ಪರೀಕ್ಷಿಸಲಿ ಅಂತ ಎಲ್ಲವನ್ನೂ ಜಿಸಿ.ಗಾರ್ಬೇಜ್ ಅನ್ನುವ ಲಿಸ್ಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕಲೆಕ್ಟ್ 6, 12 ಅಂತ ಕೊಟ್ಟೂ ಮೆಮೊರಿ ಇಳಿಯದಿರುವುದು ಇದಕ್ಕೇ. ಹುಡುಕಿದ ವಸ್ತುಗಳ ಹೆಸರನ್ನು ಅದು ಸ್ಟ್ಯಾಂಡರ್ಡ್ ಎರರ್ ಕಡೆ ಬರೆಯುತ್ತದೆ. ನೀವು ಅದನ್ನು ಫೈಲ್‌ಗೆ ತಿರುಗಿಸಿದ್ದರೆ ಕಣ್ಣಿಗೆ ಬಿದ್ದಿರಲಾರದು.

ಅರೇ ವಿಷಯ: ಗೆಟ್_ಆಬ್ಜೆಕ್ಟ್ಸ್ ಕೊಡುವುದು ಜಿಸಿ ಕಣ್ಣಿಟ್ಟಿರುವ ವಸ್ತುಗಳನ್ನು ಮಾತ್ರ. ನಂಪೈ ಅರೇ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಜಿಸಿ.ಈಸ್_ಟ್ರ್ಯಾಕ್ಡ್(ಬೂದು) ಕೇಳಿ ನೋಡಿ, ಫಾಲ್ಸ್ ಬರುತ್ತದೆ. ಕಾಣದ ಮಾತ್ರಕ್ಕೆ ಅರೇ ಸೋರುತ್ತಿಲ್ಲ ಅಂತ ಅಲ್ಲ.

ಸೇವ್‌ಆಲ್ ತೆಗೆಯುವ ಮುಂಚೆ ಒಂದು ಸಲ ಅದರಿಂದಲೇ ಕೆಲಸ ಮಾಡಿಸಿಕೊಳ್ಳೋಣ. ಹತ್ತೇ ಪುಟ ಓಡಿಸಿ. ಆಮೇಲೆ ಜಿಸಿ.ಗಾರ್ಬೇಜ್‌ನಲ್ಲಿ ಯಾವ ಟೈಪ್ ಎಷ್ಟಿದೆ ಅಂತ ಕೌಂಟರ್‌ನಲ್ಲಿ ಎಣಿಸಿ ಇಲ್ಲಿ ಹಾಕಿ.

ಹಳೆಪುಟ:

ಹತ್ತು ಪುಟದಲ್ಲಿ ಮೂರು ಪುಟಕ್ಕೆ ಸಾಲು ಸಿಗಲಿಲ್ಲ. ಗಾರ್ಬೇಜ್‌ನಲ್ಲಿ ಸಿಕ್ಕಿದ್ದು: ಟ್ರೇಸ್‌ಬ್ಯಾಕ್ 6, ಫ್ರೇಮ್ 6, ವ್ಯಾಲ್ಯೂಎರರ್ 3, ಪುಟ (ನನ್ನ ಕ್ಲಾಸ್) 3. ಫ್ರೇಮ್ ಯಾಕೆ ಬಂತೋ ಗೊತ್ತಾಗಲಿಲ್ಲ. ನಾನು ಎಲ್ಲೂ ಫ್ರೇಮ್ ಮುಟ್ಟಿಲ್ಲ.

ಕಾವೇರಿತೀರ:

ಸಿಕ್ಕಿಬಿತ್ತು ಸರ್. ಆ ಆರು ಫ್ರೇಮ್‌ನಲ್ಲಿ ನಿಮ್ಮ ಟ್ರೈ ಇರುವ ಫಂಕ್ಷನ್‌ನ ಒಂದನ್ನು ಕೈಗೆ ತೆಗೆದುಕೊಂಡು ಅದರ ಎಫ್_ಲೋಕಲ್ಸ್ (ಒಳಗಿನ ವೇರಿಯಬಲ್‌ಗಳು) ಪ್ರಿಂಟ್ ಮಾಡಿ. ‘ಸೆಲ್ಫ್’, ‘ಬಣ್ಣ’, ‘ಬೂದು’ ಮೂರೂ ಅಲ್ಲೇ ಕೂತಿರುತ್ತವೆ.

ಆಗುತ್ತಿರುವುದು ಇದು. ಪೈಥಾನ್ 3ರಲ್ಲಿ ಪ್ರತಿ ಎಕ್ಸೆಪ್ಷನ್‌ಗೂ (ಎರರ್ ವಸ್ತು) ಅದರ ಟ್ರೇಸ್‌ಬ್ಯಾಕ್, ಅಂದರೆ ಎರರ್ ಎಲ್ಲೆಲ್ಲಿ ಹಾದು ಬಂತು ಅನ್ನುವ ದಾಖಲೆ, ಅಂಟಿಕೊಂಡಿರುತ್ತದೆ. ಟ್ರೇಸ್‌ಬ್ಯಾಕ್ ಫ್ರೇಮನ್ನು, ಅಂದರೆ ಆಗ ಓಡುತ್ತಿದ್ದ ಫಂಕ್ಷನ್‌ನ ಸ್ಥಿತಿಯನ್ನು, ಹಿಡಿದಿರುತ್ತದೆ. ಫ್ರೇಮ್ ಆ ಫಂಕ್ಷನ್‌ನ ಎಲ್ಲ ಲೋಕಲ್ ವೇರಿಯಬಲ್‌ಗಳನ್ನು ಹಿಡಿದಿರುತ್ತದೆ. ಅದರಲ್ಲಿ ‘ಸೆಲ್ಫ್’, ಅಂದರೆ ಆ ಪುಟವೇ, ಕೂಡ ಒಂದು. ನೀವು ಸೆಲ್ಫ್.ಎರರ್ = ಇ ಅಂದ ಕ್ಷಣ ಪುಟ, ಎರರ್, ಟ್ರೇಸ್‌ಬ್ಯಾಕ್, ಫ್ರೇಮ್, ಮತ್ತೆ ಅದೇ ಪುಟ ಅಂತ ಸುತ್ತು ಪೂರ್ತಿಯಾಯಿತು. ಎಕ್ಸೆಪ್ಟ್ ಮುಗಿದ ಕೂಡಲೇ ಪೈಥಾನ್ ‘ಇ’ ಅನ್ನುವ ಹೆಸರನ್ನು ತಾನೇ ಅಳಿಸುತ್ತದೆ, ಇಂಥ ಸುತ್ತು ಆಗಬಾರದು ಅಂತಲೇ. ನೀವು ಅದನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡಿರಿ.

ಸುತ್ತು ಇಲ್ಲದಿದ್ದರೆ ರೆಫರೆನ್ಸ್ ಕೌಂಟ್ (ಎಷ್ಟು ಕಡೆಯಿಂದ ಹಿಡಿದಿದೆ ಅನ್ನುವ ಲೆಕ್ಕ) ಸೊನ್ನೆಯಾದ ಕೂಡಲೇ ಪುಟ ಹೋಗುತ್ತಿತ್ತು, ಜಿಸಿ ಬರುವ ಅಗತ್ಯವೇ ಇಲ್ಲ. ಸುತ್ತಿನಲ್ಲಿ ಕೌಂಟ್ ಯಾವತ್ತೂ ಸೊನ್ನೆಗೆ ಬರುವುದಿಲ್ಲ. ಆಗ ಜಿಸಿಗೆ ಕಾಯಬೇಕು.

ಈಗ ಮುಖ್ಯ ವಿಷಯ. ಜಿಸಿ ತಾನಾಗಿ ಯಾವಾಗ ಓಡುತ್ತದೆ? 3.11ರಲ್ಲಿ ಜಿಸಿ.ಗೆಟ್_ಥ್ರೆಶೋಲ್ಡ್() ಕೇಳಿದರೆ 700, 10, 10 ಬರುತ್ತದೆ. ಹೊಸದಾಗಿ ಹುಟ್ಟಿದ ವಸ್ತುಗಳಲ್ಲಿ ಸತ್ತವನ್ನು ಕಳೆದು 700 ದಾಟಿದರೆ ಮೊದಲ ತಲೆಮಾರನ್ನು (ಹೊಸ ವಸ್ತುಗಳ ಗುಂಪನ್ನು) ಗುಡಿಸುತ್ತದೆ. ಅದು ಎಣಿಸುವುದು ಲಿಸ್ಟ್, ಡಿಕ್ಟ್, ಫ್ರೇಮ್ ಥರದ, ಬೇರೆಯದನ್ನು ಹಿಡಿದಿಟ್ಟುಕೊಳ್ಳಬಲ್ಲ ವಸ್ತುಗಳ ಸಂಖ್ಯೆ. ಎಷ್ಟು ಎಂಬಿ ಅಂತ ಅದು ನೋಡುವುದೇ ಇಲ್ಲ.

ನಿಮ್ಮ ಲೆಕ್ಕ ಹಾಕಿ. ಎ4 ಪುಟ 300 ಡಿಪಿಐಗೆ 2480 × 3508 ಪಿಕ್ಸೆಲ್. ಬಣ್ಣದ್ದು ಮೂರು ಬೈಟ್ ಲೆಕ್ಕದಲ್ಲಿ 26 ಎಂಬಿ. ಬೂದು ಮಾಡುವಾಗ ಫ್ಲೋಟ್64 ಆಗಿದ್ದರೆ ಎಂಟು ಬೈಟ್, ಸುಮಾರು 70 ಎಂಬಿ. ಎರಡೂ ಸೇರಿ 96 ಎಂಬಿ. ಜಿಸಿ ಕಣ್ಣಿಗೆ ಇದೆಲ್ಲ ಬರೀ ಆರೇಳು ವಸ್ತು. 700 ಆಗಲು ಇಂಥ ನೂರಕ್ಕೂ ಜಾಸ್ತಿ ಪುಟ ಬೇಕು, ಅಂದರೆ ಹತ್ತು ಜಿಬಿ. ನಿಮ್ಮದು 8 ಜಿಬಿ ಯಂತ್ರ. ಜಿಸಿ ಪೊರಕೆ ಹಿಡಿಯುವ ಮುಂಚೆಯೇ ಮನೆ ತುಂಬಿಹೋಯಿತು.

ಡಿಬಗ್ ಮತ್ತು ಕಲೆಕ್ಟ್ ಎರಡನ್ನೂ ತೆಗೆದು, ಪ್ರತಿ ಪುಟದ ಕೊನೆಗೆ ಜಿಸಿ.ಗೆಟ್_ಕೌಂಟ್() ಪ್ರಿಂಟ್ ಮಾಡಿ ನೋಡಿ. ಅದರ ಮೊದಲ ಸಂಖ್ಯೆಯೇ ಆ 700ರ ಕಡೆ ಏರುವ ಎಣಿಕೆ.

ಸಂಜೆಮಳೆ:

ಕುತೂಹಲಕ್ಕೆ ಅದೇ ಥರದ ಸುತ್ತು ಮಾಡಿ ನನ್ನ 32 ಜಿಬಿ ಯಂತ್ರದಲ್ಲಿ ಓಡಿಸಿದೆ. ಮೆಮೊರಿ ಹತ್ತು ಜಿಬಿ ಹತ್ತಿರ ಏರಿ, ಒಂದೇ ಏಟಿಗೆ ಕೆಳಗೆ ಬಿತ್ತು. ಮತ್ತೆ ಏರಿತು, ಮತ್ತೆ ಬಿತ್ತು. ಗ್ರಾಫ್ ಗರಗಸದ ಹಲ್ಲಿನ ಹಾಗೆ ಬಂತು. ಜಿಸಿ ಕೆಟ್ಟಿಲ್ಲ, ತಡವಾಗಿ ಬರುತ್ತಿದೆ ಅಷ್ಟೆ.

ಹಳೆಪುಟ:

ಗೆಟ್_ಕೌಂಟ್ ಹಾಕಿ ನೋಡಿದೆ. ಒಳ್ಳೆಯ ಪುಟಗಳಲ್ಲಿ ಮೊದಲ ಸಂಖ್ಯೆ ಅಲ್ಲೇ ನಿಂತಿರುತ್ತದೆ. ಖಾಲಿ ಪುಟ ಬಂದ ಕೂಡಲೇ ಆರೋ ಏಳೋ ಏರುತ್ತದೆ. 212, 212, 218, 218, 225… ಹೀಗೆ. ಇದನ್ನು ಕಣ್ಣಾರೆ ನೋಡಿದ ಮೇಲೆ ನೀವು ಹೇಳಿದ್ದು ಪೂರ್ತಿ ಅರ್ಥವಾಯಿತು.

ಸೆಲ್ಫ್.ಎರರ್ = ಇ.ವಿತ್_ಟ್ರೇಸ್‌ಬ್ಯಾಕ್(ನನ್) ಅಂತ ಬದಲಾಯಿಸಿ ಟ್ರೇಸ್‌ಬ್ಯಾಕ್ ಕಳಚಿದೆ. ಬಹುಪಾಲು ಸರಿಹೋಯಿತು. ಆದರೆ ಕೆಲವು ಪುಟಕ್ಕೆ ಇನ್ನೂ ಏರುತ್ತಿದೆ. ಅವೆಲ್ಲ ಅರ್ಧಕ್ಕೆ ಕತ್ತರಿಸಿಹೋದ ಜೆಪೆಗ್ ಫೈಲ್‌ಗಳು.

ಕಾವೇರಿತೀರ:

ಆ ಫೈಲ್‌ಗಳಿಗೆ ‘ರೈಸ್ … ಫ್ರಮ್’ ಬಳಸಿ ನಿಮ್ಮದೇ ಎರರ್ ಎಸೆಯುತ್ತಿದ್ದೀರಾ? ಹಾಗಿದ್ದರೆ ಹೊರಗಿನ ಎರರ್‌ನ ಟ್ರೇಸ್‌ಬ್ಯಾಕ್ ಮಾತ್ರ ಕಳಚಿದೆ. ಒಳಗಿನ ಮೂಲ ಎರರ್ ಕಾಸ್ (ಕಾರಣ) ಅನ್ನುವ ಅಟ್ರಿಬ್ಯೂಟ್‌ನಲ್ಲಿ ಇರುತ್ತದೆ, ತನ್ನ ಟ್ರೇಸ್‌ಬ್ಯಾಕ್ ಸಮೇತ. ಅದೇ ಫಂಕ್ಷನ್‌ನ ಫ್ರೇಮನ್ನು ಅದೂ ಹಿಡಿದಿದೆ.

ಎಕ್ಸೆಪ್ಷನ್ ಇಟ್ಟುಕೊಳ್ಳುವುದನ್ನೇ ಬಿಡಿ. ಲಾಗ್‌ಗೆ ಬೇಕಾದ್ದು ಬರಹ ತಾನೆ? ಎಕ್ಸೆಪ್ಟ್ ಒಳಗೆ ಸೆಲ್ಫ್.ಎರರ್ = ಟ್ರೇಸ್‌ಬ್ಯಾಕ್.ಫಾರ್ಮ್ಯಾಟ್_ಎಕ್ಸ್‌ಸಿ() ಅನ್ನಿ. ಅದು ಬರೀ ಸ್ಟ್ರಿಂಗ್. ಯಾವ ಸಾಲಿನಲ್ಲಿ ಎಡವಿತು ಅನ್ನುವ ವಿವರ ಪೂರ್ತಿ ಉಳಿಯುತ್ತದೆ, ಯಾರನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ.

ಸಂಜೆಮಳೆ:

ಇಷ್ಟೆಲ್ಲ ಬೇಕಾ? ಜಿಸಿ.ಡಿಸೇಬಲ್() ಮಾಡಿದರೆ ವೇಗ ಜಾಸ್ತಿ ಆಗುತ್ತದೆ ಅಂತ ಕೇಳಿದ್ದೆ. ಇನ್‌ಸ್ಟಾಗ್ರಾಂನವರು ಹಾಗೇ ಮಾಡಿದ್ದರಲ್ಲ?

ಕಾವೇರಿತೀರ:

2017ರಲ್ಲಿ ಅವರು ಬರೆದಿದ್ದು ನಿಜ. ಅವರ ತೊಂದರೆ ಬೇರೆ. ಒಂದು ಪ್ರೋಸೆಸ್‌ನಿಂದ ಫೋರ್ಕ್ ಮಾಡಿದ, ಅಂದರೆ ನಕಲು ತೆಗೆದ, ಹಲವು ಮಕ್ಕಳು (ಚೈಲ್ಡ್ ಪ್ರೋಸೆಸ್) ಮೆಮೊರಿ ಹಂಚಿಕೊಳ್ಳುತ್ತಿದ್ದರು. ಜಿಸಿ ಓಡಿದಾಗ ವಸ್ತುಗಳ ತಲೆಯಲ್ಲಿರುವ ತನ್ನ ಗುರುತುಗಳನ್ನು ತಿದ್ದುತ್ತದೆ, ಆಗ ಹಂಚಿಕೊಂಡ ಮೆಮೊರಿ ಪ್ರತಿ ಮಗುವಿಗೂ ಬೇರೆ ಬೇರೆ ಪ್ರತಿಯಾಗುತ್ತದೆ. ಅವರ ಕಡೆಯಿಂದಲೇ ಆಮೇಲೆ ಪೈಥಾನ್ 3.7ಕ್ಕೆ ಜಿಸಿ.ಫ್ರೀಜ್() ಬಂತು. ಸುತ್ತು ಇರುವ ಪ್ರೋಗ್ರಾಂನಲ್ಲಿ ಸುಮ್ನೆ ಡಿಸೇಬಲ್ ಮಾಡಿದರೆ ನಿಮ್ಮ ಗರಗಸಕ್ಕೆ ಹಲ್ಲೇ ಇರುವುದಿಲ್ಲ, ಏರುತ್ತಲೇ ಹೋಗುತ್ತದೆ.

ಫ್ರೀಜ್ ಮಾತ್ರ ಹಳೆಪುಟ ಸರ್‌ಗೆ ಉಪಯೋಗಕ್ಕೆ ಬರಬಹುದು. ಕಲೆಕ್ಟ್ ಅಷ್ಟು ನಿಧಾನ ಆಗಿದ್ದು ಯಾಕೆ ಅಂತ ಇನ್ನೂ ಕೇಳಿಲ್ಲ. ಆ ಪದಪಟ್ಟಿ ಹೇಗಿದೆ?

ಹಳೆಪುಟ:

ಪ್ರತಿ ಪದಕ್ಕೂ ಒಂದು ಲಿಸ್ಟ್. ಅದರೊಳಗೆ ವಿಭಕ್ತಿ ರೂಪಗಳಿಗೆ ಒಂದು, ಹಳೆಯ ಕಾಗುಣಿತಕ್ಕೆ ಒಂದು, ಹೀಗೆ ಇನ್ನೂ ಮೂರು ಲಿಸ್ಟ್. ಒಟ್ಟು 12 ಲಕ್ಷ ಲಿಸ್ಟ್ ಆಗಬಹುದು. ಜಿಸಿ.ಕಾಲ್‌ಬ್ಯಾಕ್ಸ್‌ಗೆ ಒಂದು ಫಂಕ್ಷನ್ ಸೇರಿಸಿ ಶುರು, ಕೊನೆ ಎರಡೂ ಸಮಯ ಅಳೆದೆ. ಒಂದು ಕಲೆಕ್ಟ್‌ಗೆ 0.15 ಸೆಕೆಂಡ್. ಪುಟಕ್ಕೆ 30 ಸಾಲು ಇದ್ದರೆ ನಾಲ್ಕೂವರೆ ಸೆಕೆಂಡ್ ಬರೀ ಅದಕ್ಕೇ ಹೋಗುತ್ತಿತ್ತು.

ಕಾವೇರಿತೀರ:

ಅದೇ. ಪೂರ್ತಿ ಕಲೆಕ್ಟ್ ಅಂದರೆ ಆ 12 ಲಕ್ಷ ಲಿಸ್ಟ್‌ಗಳನ್ನೂ ಪ್ರತಿ ಸಲ ತಟ್ಟಿ ನೋಡುತ್ತದೆ. ಒಂದೂ ಸತ್ತಿರುವುದಿಲ್ಲ. ಪದಪಟ್ಟಿ ಲೋಡ್ ಆದ ಮೇಲೆ ಒಂದು ಸಲ ಜಿಸಿ.ಕಲೆಕ್ಟ್(), ಅದರ ಬೆನ್ನಿಗೆ ಜಿಸಿ.ಫ್ರೀಜ್() ಹಾಕಿ. ಆಮೇಲೆ ಜಿಸಿ ಅವುಗಳ ತಂಟೆಗೆ ಹೋಗುವುದಿಲ್ಲ. ಇನ್ನೊಂದು ದಾರಿ, ಬದಲಾಗದ ಪಟ್ಟಿಗಳನ್ನು ಟಪಲ್ (ಆಮೇಲೆ ತಿದ್ದಲಾಗದ ಪಟ್ಟಿ) ಮಾಡುವುದು. ಒಳಗೆ ಬರೀ ಸ್ಟ್ರಿಂಗ್ ಇರುವ ಟಪಲನ್ನು ಜಿಸಿ ಮೊದಲ ಸಲ ನೋಡಿದಾಗಲೇ ತನ್ನ ಪಟ್ಟಿಯಿಂದ ಕೈಬಿಡುತ್ತದೆ. ಲಿಸ್ಟ್‌ಗೆ ಆ ರಿಯಾಯಿತಿ ಇಲ್ಲ, ಯಾಕೆಂದರೆ ನಾಳೆ ನೀವು ಅದಕ್ಕೆ ಏನು ಬೇಕಾದರೂ ಸೇರಿಸಬಹುದು.

ಹಳೆಪುಟ:

ಫಾರ್ಮ್ಯಾಟ್_ಎಕ್ಸ್‌ಸಿ ಹಾಕಿದೆ, ಫ್ರೀಜ್ ಹಾಕಿದೆ, ಸಾಲಿಗೊಂದು ಇದ್ದ ಕಲೆಕ್ಟ್ ಎಲ್ಲ ತೆಗೆದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಓಡಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ 1140 ಪುಟವೂ ಮುಗಿದಿತ್ತು. ಮೆಮೊರಿ ಒಂದು ಸಲವೂ 700 ಎಂಬಿ ದಾಟಿಲ್ಲ. ಗೆಟ್_ಕೌಂಟ್ ಖಾಲಿ ಪುಟದಲ್ಲೂ ಕದಲಲಿಲ್ಲ.

ಕಾವೇರಿತೀರ ಅವರೇ, ಸಂಜೆಮಳೆ ಅವರೇ, ತುಂಬಾ ಥ್ಯಾಂಕ್ಸ್. ಕತ್ತರಿಸಿಹೋದ 23 ಜೆಪೆಗ್‌ಗಳ ಹೆಸರು ಲಾಗ್‌ನಲ್ಲಿ ಸಿಕ್ಕಿದೆ. ಭಾನುವಾರ ಕಪಾಟಿನಿಂದ ಆ ಸಂಪುಟಗಳನ್ನು ಇಳಿಸಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ.