ಚೀನಾದ ಬೆಟ್ಟಗಳಿಗೆ ಐದು ದಿನಗಳ ಪ್ರವಾಸ: ಝಾಂಗ್‌ಜಿಯಾಜಿಯೆ ಒಳ್ಳೆಯದೋ, ಹುವಾಂಗ್‌ಶಾನ್ ಒಳ್ಳೆಯದೋ?

ಪ್ರಶ್ನೆ: ಗಂಗಾವತಿಯ ಸದಸ್ಯ

ಎಲ್ಲರಿಗೂ ಶರಣು. ನಾನು, ನನ್ನ ಪತ್ನಿ ಮತ್ತು ಅರವತ್ತೈದು ದಾಟಿರುವ ನನ್ನ ತಂದೆಯವರು ಈ ವರ್ಷ ಚೀನಾದ ಯಾವುದಾದರೊಂದು ಬೆಟ್ಟಸೀಮೆಯನ್ನು ನೋಡಿಬರಬೇಕೆಂದಿದ್ದೇವೆ. ಭತ್ತದ ಕಟಾವು ಶುರುವಾಗುವಷ್ಟರಲ್ಲಿ ನಾವು ಊರಿನಲ್ಲಿರಲೇಬೇಕು. ಹೀಗಾಗಿ ಅಕ್ಟೋಬರ್ ಬಿಟ್ಟರೆ ಬೇರೆ ತಿಂಗಳಿಲ್ಲ, ಹೋಗಿಬರುವ ದಿನಗಳನ್ನು ಕಳೆದು ಅಲ್ಲಿ ಉಳಿಯಲು ಐದು ದಿನಗಳಷ್ಟೇ ಸಿಗುತ್ತವೆ. ಹೊಸಪೇಟೆಯ ಪ್ರವಾಸ ಏಜೆಂಟರೊಬ್ಬರು ತೋರಿಸಿದ ಪ್ಯಾಕೇಜಿನಲ್ಲಿ ಬೀಜಿಂಗ್, ಶಾಂಘೈ ಎಲ್ಲವೂ ಇದ್ದು, ಬೆಟ್ಟಕ್ಕೆ ಒಂದೇ ಹಗಲು ಮೀಸಲಾಗಿತ್ತು. ಅದು ನಮಗೆ ಬೇಡವೆನಿಸಿತು.

ಓದಿ, ವಿಚಾರಿಸಿ ಎರಡು ಹೆಸರುಗಳನ್ನು ಉಳಿಸಿಕೊಂಡಿದ್ದೇನೆ: ಹುನಾನ್ ಪ್ರಾಂತ್ಯದ ಝಾಂಗ್‌ಜಿಯಾಜಿಯೆ ಮತ್ತು ಅನ್‌ಹುಯಿ ಪ್ರಾಂತ್ಯದ ಹುವಾಂಗ್‌ಶಾನ್. ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದೇ? ತಂದೆಯವರು ಅಂಜನಾದ್ರಿಯ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತುತ್ತಾರೆ, ಆದರೆ ಇಳಿಯುವಾಗ ಮಂಡಿ ನೋಯುತ್ತದೆ. ನಾವು ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೋಗಿಬಂದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಬಳ್ಳಾರಿಯ ಸದಸ್ಯೆ

ಎರಡನ್ನೂ ಸೇರಿಸುವ ಆಲೋಚನೆಯನ್ನು ಮೊದಲು ಬಿಟ್ಟುಬಿಡಿ. ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಒಂದು ಹಗಲು ಪೂರ್ತಿ ಕಳೆಯುತ್ತದೆ, ಉಳಿದ ದಿನಗಳಲ್ಲಿ ಮಂಜು ಕವಿದರೆ ಎರಡೂ ಕಡೆ ಬಿಳಿ ಪರದೆಯನ್ನಷ್ಟೇ ನೋಡಿ ಹಿಂದಿರುಗಬೇಕಾಗುತ್ತದೆ. ಈ ಬೆಟ್ಟಗಳಲ್ಲಿ ಮಂಜು ಅಪರೂಪದ ಸಂಗತಿಯಲ್ಲ. ಆದ್ದರಿಂದ ಒಂದೇ ಊರನ್ನು ಆರಿಸಿಕೊಂಡು, ಐದರಲ್ಲಿ ಒಂದು ದಿನವನ್ನು ಏನನ್ನೂ ನಿಗದಿ ಮಾಡದೆ ಕೈಯಲ್ಲಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ತಂದೆಯವರ ಮಂಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಾನು ಝಾಂಗ್‌ಜಿಯಾಜಿಯೆಯನ್ನೇ ಹೇಳುತ್ತೇನೆ. 1982ರಲ್ಲಿ ಚೀನಾದ ಮೊದಲ ರಾಷ್ಟ್ರೀಯ ಅರಣ್ಯ ಉದ್ಯಾನವಾಗಿ ಘೋಷಿತವಾದ, 1992ರಲ್ಲಿ ವುಲಿಂಗ್‌ಯುವಾನ್ ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಪ್ರದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮರಳುಗಲ್ಲಿನ ಕಂಬಗಳಿದ್ದು, ಅವುಗಳಲ್ಲಿ ಹಲವು 200 ಮೀಟರ್‌ಗಿಂತ ಎತ್ತರವಾಗಿವೆ. ಇಷ್ಟೆಲ್ಲ ಕಡಿದಾದ ಜಾಗವಾದರೂ ಹತ್ತಿ ಇಳಿಯುವ ಕೆಲಸದ ಬಹುಪಾಲನ್ನು ಯಂತ್ರಗಳು ಮಾಡುತ್ತವೆ. ಬೈಲಾಂಗ್ ಎಂಬ ಲಿಫ್ಟ್ ಬಂಡೆಯ ಮೈಗೆ ಅಂಟಿಕೊಂಡು 326 ಮೀಟರ್ ಮೇಲೇರುತ್ತದೆ, ತಿಯಾನ್‌ಝಿ ಬೆಟ್ಟದ ಕಡೆಯಿಂದ ಕೇಬಲ್ ಕಾರಿನಲ್ಲಿ ಇಳಿಯಬಹುದು, ನಡುವಿನ ದೂರಕ್ಕೆ ಉದ್ಯಾನದ ಬಸ್ಸುಗಳಿವೆ. ಪ್ರವೇಶದ ಟಿಕೆಟ್ ನಾಲ್ಕು ದಿನ ನಡೆಯುವುದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಧಾವಂತ ಇರುವುದಿಲ್ಲ. ಕೆಳಗೆ ಕಂಬಗಳ ಬುಡದಲ್ಲೇ ಹರಿಯುವ ಚಿನ್ನದ ಚಾವಟಿ ಎಂಬ ತೊರೆಯ ದಂಡೆಯ ದಾರಿ ಹೆಚ್ಚುಕಡಿಮೆ ಸಮತಟ್ಟಾಗಿದೆ; ತಲೆ ಎತ್ತಿ ನೋಡುವ ಆ ನೋಟ ಮೇಲಿನಿಂದ ಕಾಣುವುದಕ್ಕಿಂತ ನನಗೆ ಹೆಚ್ಚು ಹಿಡಿಸಿತು. ಅಲ್ಲಿಯ ಕೋತಿಗಳು ನಮ್ಮ ಹಂಪಿಯ ಕೋತಿಗಳಷ್ಟೇ ಚಾಲಾಕಿಯಾಗಿರುವುದರಿಂದ ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ.

ವಾಸ್ತವ್ಯದ ವಿಷಯದಲ್ಲಿ ಹಲವರಿಗೆ ಗೊಂದಲವಾಗುತ್ತದೆ. ಅರಣ್ಯ ಉದ್ಯಾನಕ್ಕೆ ಹತ್ತಿರವಿರುವುದು ವುಲಿಂಗ್‌ಯುವಾನ್ ಪೇಟೆ; ರೈಲು ನಿಲ್ದಾಣವಿರುವ ಝಾಂಗ್‌ಜಿಯಾಜಿಯೆ ನಗರ ಅಲ್ಲಿಂದ ಬಹಳ ಕಿಲೋಮೀಟರ್ ಆಚೆಗಿದೆ. ದೊಡ್ಡ ಕಲ್ಲಿನ ದ್ವಾರಕ್ಕೆ ಹೆಸರಾದ ತಿಯಾನ್‌ಮೆನ್ ಬೆಟ್ಟ ಉದ್ಯಾನದ ಭಾಗವಲ್ಲ, ಅದು ನಗರದ ಪಕ್ಕದಲ್ಲಿದ್ದು ಅದಕ್ಕೆ ಬೇರೆ ಟಿಕೆಟ್ ಬೇಕು. ಹಾಗಾಗಿ ಮೊದಲ ಮೂರು ರಾತ್ರಿ ವುಲಿಂಗ್‌ಯುವಾನ್‌ನಲ್ಲಿ, ಕೊನೆಯ ಎರಡು ರಾತ್ರಿ ನಗರದಲ್ಲಿ ಉಳಿದುಕೊಂಡರೆ ಓಡಾಟ ಕಡಿಮೆಯಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಅಕ್ಟೋಬರ್ 1ರಿಂದ ಒಂದು ವಾರ ಅಲ್ಲಿ ರಾಷ್ಟ್ರೀಯ ದಿನಾಚರಣೆಯ ರಜೆ ಇರುತ್ತದೆ, ದೇಶಕ್ಕೆ ದೇಶವೇ ಪ್ರವಾಸಕ್ಕೆ ಹೊರಡುತ್ತದೆ. ನಮ್ಮ ಶಾಲೆಗಳ ದಸರಾ ರಜೆಯೂ ಹಲವು ಬಾರಿ ಅದೇ ಹೊತ್ತಿಗೆ ಬರುವುದರಿಂದ ಇಲ್ಲಿಯವರು ಗೊತ್ತಿಲ್ಲದೆ ಆ ವಾರವನ್ನೇ ಹಿಡಿಯುತ್ತಾರೆ. ನೀವು ಅಕ್ಟೋಬರ್ 10ರ ನಂತರ ಹೊರಡಿ.

ಉತ್ತರ: ಕೊಪ್ಪಳದ ಸದಸ್ಯ, ಗ್ರಾನೈಟ್ ವ್ಯಾಪಾರಿ

ಮೇಲಿನ ಸದಸ್ಯೆಯವರು ಹೇಳಿದ್ದರಲ್ಲಿ ಮಂಡಿಯ ಮಾತನ್ನು ಒಪ್ಪುತ್ತೇನೆ, ಆದರೆ ಹುವಾಂಗ್‌ಶಾನ್ ಅನ್ನು ಇಷ್ಟು ಸುಲಭವಾಗಿ ಕೈಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕಲ್ಲಿನ ಕಸುಬಿನವನಾದ ನನಗೆ ಅದರ ಆಕರ್ಷಣೆಯೇ ಬೇರೆ. ಆನೆಗೊಂದಿ, ಹಂಪಿಯ ಗುಡ್ಡಗಳಂತೆ ಅದೂ ಗ್ರಾನೈಟ್ ಬೆಟ್ಟವೇ. ನಮ್ಮ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾಗಿದ್ದು, ಬಿರುಕುಗಳ ಗುಂಟ ಸವೆದು ಸವೆದು ಉರುಟು ಬಂಡೆಗಳ ರಾಶಿಯಾಗಿ ಕುಳಿತಿದೆ; ಅವರ ಕಲ್ಲು ಹದಿಮೂರು ಕೋಟಿ ವರ್ಷಗಳ ಆಸುಪಾಸಿನದಾಗಿದ್ದು, ನೇರವಾದ ಲಂಬ ಬಿರುಕುಗಳಲ್ಲಿ ಸೀಳಿಕೊಂಡು ಶಿಖರಗಳಾಗಿ ನಿಂತಿದೆ. ಆ ಬಿರುಕುಗಳಲ್ಲೇ ಬೇರುಬಿಟ್ಟ ಪೈನ್ ಮರಗಳು, ಅವುಗಳ ಕೆಳಗೆ ಮೋಡದ ಕಡಲು. ಅಲ್ಲಿ ಮಂಜನ್ನು ವಿಘ್ನವೆಂದು ತಿಳಿಯಬೇಕಾಗಿಲ್ಲ, ಜನರು ಹೋಗುವುದೇ ಅದನ್ನು ನೋಡಲು. ಆದರೆ ಮೋಡ ನಿಮ್ಮ ಕಾಲ ಕೆಳಗಿರಬೇಕು, ಅದು ಅದೃಷ್ಟದ ಮಾತು.

ದಾರಿಯೂ ಸುಲಭ. 2018ರ ಕೊನೆಯಲ್ಲಿ ಹ್ಯಾಂಗ್‌ಝೌ ಮತ್ತು ಹುವಾಂಗ್‌ಶಾನ್ ನಡುವೆ ಹೈಸ್ಪೀಡ್ ರೈಲು ಮಾರ್ಗ ತೆರೆದ ಮೇಲೆ ಈ ಎರಡು ಊರುಗಳ ಅಂತರ ಒಂದೂವರೆ ಗಂಟೆಯಷ್ಟಕ್ಕೆ ಇಳಿದಿದೆ, ಶಾಂಘೈನಿಂದಲೂ ಮೂರು ಗಂಟೆಗಳ ಒಳಗೆ ತಲುಪಬಹುದು. ರೈಲು ನಿಲ್ದಾಣದಿಂದ ಬೆಟ್ಟದ ಬುಡದ ತಾಂಗ್‌ಕೌ ಪೇಟೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ದೊಡ್ಡ ಪೆಟ್ಟಿಗೆಗಳನ್ನು ತಾಂಗ್‌ಕೌದಲ್ಲೇ ಬಿಟ್ಟು, ಒಂದು ರಾತ್ರಿಯ ಬಟ್ಟೆಯೊಂದಿಗೆ ಮೇಲೆ ಹೋಗಬೇಕು. ಬೆಟ್ಟದ ಮೇಲಿನ ಹೋಟೆಲುಗಳು ದುಬಾರಿಯಾಗಿದ್ದರೂ ಸೂರ್ಯೋದಯಕ್ಕಾಗಿ ಒಂದು ರಾತ್ರಿ ಅಲ್ಲಿ ಉಳಿಯುವುದು ಸಾರ್ಥಕ.

ಈಗ ತೊಂದರೆಯನ್ನೂ ಹೇಳಬೇಕು. ಕೇಬಲ್ ಕಾರ್ ಇಳಿಸಿದ ಜಾಗದಿಂದ ಹೋಟೆಲಿಗೂ, ಒಂದು ನೋಟದ ಜಾಗದಿಂದ ಇನ್ನೊಂದಕ್ಕೂ ಕಲ್ಲಿನ ಮೆಟ್ಟಿಲುಗಳೇ ದಾರಿ, ಹತ್ತಿದಷ್ಟೇ ಇಳಿಯಬೇಕು. ಇಬ್ಬರು ಹೊರುವ ಡೋಲಿಗಳು ಸಿಗುತ್ತವೆ, ಆದರೆ ಮನುಷ್ಯರ ಹೆಗಲ ಮೇಲೆ ಕೂರಲು ನಮ್ಮ ಕಡೆಯ ಹಿರಿಯರು ಒಪ್ಪುವುದು ಕಷ್ಟ. 1,864 ಮೀಟರ್ ಎತ್ತರದ ಕಮಲ ಶಿಖರವನ್ನೂ ಅದರ ಎದುರಿನ ತಿಯಾನ್‌ದು ಶಿಖರವನ್ನೂ ಸಸ್ಯಗಳು ಚೇತರಿಸಿಕೊಳ್ಳಲೆಂದು ವರ್ಷಗಟ್ಟಲೆ ಸರದಿಯಲ್ಲಿ ಮುಚ್ಚುತ್ತಾರೆ, ಹೊರಡುವ ಮೊದಲು ಯಾವುದು ತೆರೆದಿದೆಯೆಂದು ವಿಚಾರಿಸಿಕೊಳ್ಳಿ.

ತಂದೆಯವರಿಗೆ ಬೆಟ್ಟಕ್ಕಿಂತ ಹೆಚ್ಚಾಗಿ ಹಿಡಿಸಬಹುದಾದದ್ದು ಹತ್ತಿರದ ಹೊಂಗ್‌ಚುನ್ ಎಂಬ ಹಳ್ಳಿ. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಊರಿನಲ್ಲಿ ಹೊಳೆಯ ನೀರನ್ನು ಸಣ್ಣ ಕಾಲುವೆಗಳಲ್ಲಿ ಮನೆಮನೆಯ ಮುಂದೆ ಹಾಯಿಸಿ ಕೆರೆಗೆ ಕೂಡಿಸಿದ್ದಾರೆ. ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯವರಿಗೆ ಅದರ ಜಾಣ್ಮೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಉತ್ತರ: ರಾಯಚೂರಿನ ಸದಸ್ಯ

ಬೆಟ್ಟದ ಚರ್ಚೆಯನ್ನು ನೀವಿಬ್ಬರೂ ಚೆನ್ನಾಗಿ ಮಾಡಿದ್ದೀರಿ, ನಾನು ಕಾಗದಪತ್ರ ಮತ್ತು ಊಟದ ವಿಷಯಕ್ಕೆ ಬರುತ್ತೇನೆ. ಚೀನಾ 240 ಗಂಟೆಗಳ ವೀಸಾರಹಿತ ಸಂಚಾರವನ್ನು ಹಲವು ದೇಶಗಳಿಗೆ ಕೊಟ್ಟಿದೆಯೆಂಬ ವಿಡಿಯೊಗಳನ್ನು ನೋಡಿ ಮೋಸಹೋಗಬೇಡಿ, ಆ ಪಟ್ಟಿಯಲ್ಲಿ ಭಾರತವಿಲ್ಲ. ಪ್ರವಾಸಿ ವೀಸಾ ಬೇಕೇ ಬೇಕು. ಕರ್ನಾಟಕದವರ ಅರ್ಜಿ ಮುಂಬೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರುವುದನ್ನು ಖಚಿತಪಡಿಸಿಕೊಳ್ಳಿ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ ಮತ್ತು ಗುವಾಂಗ್‌ಝೌ ನಡುವೆ ಮತ್ತೆ ಶುರುವಾದವು, ಅನಂತರ ದೆಹಲಿಯಿಂದಲೂ ಹೊರಟವು. ನಮ್ಮ ಭಾಗದವರಿಗೆ ಬೆಂಗಳೂರು ಅಥವಾ ಹೈದರಾಬಾದಿನಿಂದ ಸಿಂಗಾಪುರ, ಬ್ಯಾಂಕಾಕ್ ಇಲ್ಲವೇ ಕೌಲಾಲಂಪುರದ ಮೂಲಕ ಹೋಗುವುದು ಹಲವೊಮ್ಮೆ ಹೆಚ್ಚು ಅನುಕೂಲ.

ನಮ್ಮ ಫೋನ್‌ಪೇ, ಗೂಗಲ್‌ಪೇ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಹಣ ಪಾವತಿಗೆ ಬಳಸುವ ಅಲಿಪೇ ಅಥವಾ ವೀಚಾಟ್ ಆ್ಯಪಿನಲ್ಲಿ ನಿಮ್ಮ ವೀಸಾ ಇಲ್ಲವೇ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡನ್ನು ಊರಿನಲ್ಲಿರುವಾಗಲೇ ಜೋಡಿಸಿ, ಬ್ಯಾಂಕಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ತೆರೆಸಿಕೊಳ್ಳಿ. ಒಂದು ಬಾರಿಗೆ 200 ಯುವಾನ್‌ವರೆಗಿನ ಪಾವತಿಗೆ ಅಲಿಪೇ ಹೆಚ್ಚುವರಿ ಶುಲ್ಕ ಹಾಕುವುದಿಲ್ಲ, ಅದನ್ನು ಮೀರಿದರೆ ಶೇ 3ರಷ್ಟು ಹಿಡಿಯುತ್ತದೆ. ವಾಟ್ಸ್‌ಆ್ಯಪ್ ಮತ್ತು ಗೂಗಲ್ ಅಲ್ಲಿಯ ವೈಫೈನಲ್ಲಿ ತೆರೆಯುವುದಿಲ್ಲವಾದ್ದರಿಂದ ಇಲ್ಲಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋಗುವುದು ಕ್ಷೇಮ. ಚೀನಾದೊಳಗೆ ವಿಮಾನದಲ್ಲಿ ಓಡಾಡುವುದಾದರೆ, 2025ರ ಜೂನ್ 28ರಿಂದ 3ಸಿ ಎಂಬ ಅಲ್ಲಿಯ ಸುರಕ್ಷತಾ ಪ್ರಮಾಣದ ಗುರುತಿಲ್ಲದ ಪವರ್ ಬ್ಯಾಂಕುಗಳನ್ನು ಒಳಗೆ ಬಿಡುತ್ತಿಲ್ಲ ಎಂಬುದು ನೆನಪಿರಲಿ.

ಊಟದ ಮಾತು. ಹುನಾನ್ ಅಡುಗೆಯ ಖಾರಕ್ಕೆ ರಾಯಚೂರಿನವರು ಹೆದರಬೇಕಾಗಿಲ್ಲ, ಆದರೆ ಬರೀ ತರಕಾರಿಯ ಪಲ್ಯವೆಂದು ತರಿಸಿದ್ದರಲ್ಲೂ ಹಂದಿಯ ಕೊಬ್ಬು ಅಥವಾ ಮಾಂಸದ ಚೂರು ಇರಬಹುದು. ಮಾಂಸ, ಮೀನು, ಮೊಟ್ಟೆ, ಪ್ರಾಣಿಗಳ ಕೊಬ್ಬು, ಮಾಂಸದ ಸಾರು ಯಾವುದೂ ಬೇಡವೆಂದು ಒಂದೊಂದನ್ನೂ ಹೆಸರಿಸಿ ಚೀನಿ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ತೋರಿಸಿ. ಹುರಿದ ಆಲೂಗಡ್ಡೆ ಎಳೆಗಳು, ಬದನೆಕಾಯಿ, ತೋಫು ಮತ್ತು ಅನ್ನ ಬಹುತೇಕ ಎಲ್ಲೆಡೆ ಸಿಗುತ್ತವೆ. ರೈಲಿನಲ್ಲಿಯೂ ಹೋಟೆಲಿನಲ್ಲಿಯೂ ಕುದಿನೀರು ಧಾರಾಳವಾಗಿ ದೊರೆಯುವುದರಿಂದ ಉಪ್ಪಿಟ್ಟಿನ ಸಿದ್ಧ ಪುಡಿ, ಅವಲಕ್ಕಿ, ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ದಿನಕ್ಕೊಂದು ಹೊತ್ತು ನೆಮ್ಮದಿಯಿಂದ ಕಳೆಯುತ್ತದೆ. ಹಾಲಿನ ಪದಾರ್ಥಗಳನ್ನೂ ಹಸಿ ಹಣ್ಣು ತರಕಾರಿಗಳನ್ನೂ ಒಳಗೆ ತರಲು ಬಿಡುವುದಿಲ್ಲ, ಆದ್ದರಿಂದ ತುಪ್ಪ, ಪೇಡಾ ಮನೆಯಲ್ಲೇ ಇರಲಿ.

ಮರುಪ್ರಶ್ನೆ: ಗಂಗಾವತಿಯ ಸದಸ್ಯ

ಮೂವರಿಗೂ ಧನ್ಯವಾದಗಳು. ಹೊಂಗ್‌ಚುನ್ ವಿಷಯ ಓದಿಸಿದಾಗ ತಂದೆಯವರು ಸ್ವಲ್ಪ ಹೊತ್ತು ಆ ಕಡೆಗೆ ವಾಲಿದ್ದರು, ಡೋಲಿಯ ಮಾತು ಬಂದಾಗ ತಾವಾಗಿಯೇ ಬೇಡವೆಂದರು. ಹಾಗಾಗಿ ಝಾಂಗ್‌ಜಿಯಾಜಿಯೆ ಎಂದು ತೀರ್ಮಾನಿಸಿ, ಅಕ್ಟೋಬರ್‌ನ ಎರಡನೆಯ ವಾರದ ನಂತರದ ದಿನಗಳನ್ನು ನೋಡುತ್ತಿದ್ದೇವೆ. ತಿಯಾನ್‌ಮೆನ್ ಬೆಟ್ಟದಲ್ಲಿ 999 ಮೆಟ್ಟಿಲುಗಳಿವೆಯೆಂದು ಓದಿದೆ. ಅದನ್ನು ಬಿಟ್ಟುಬಿಡಬೇಕೇ? ಗುವಾಂಗ್‌ಝೌಗೆ ಇಳಿದರೆ ಮುಂದೆ ಹೇಗೆ ಹೋಗುವುದು?

ಉತ್ತರ: ಬಳ್ಳಾರಿಯ ಸದಸ್ಯೆ

ಬಿಡಬೇಕಾಗಿಲ್ಲ. ಊರಿನ ನಡುವಿನಿಂದಲೇ ಹೊರಡುವ ಏಳು ಕಿಲೋಮೀಟರ್‌ಗಿಂತ ಉದ್ದದ ಕೇಬಲ್ ಕಾರ್ ಬೆಟ್ಟದ ನೆತ್ತಿಗೆ ಒಯ್ಯುತ್ತದೆ, ನೆತ್ತಿಯಿಂದ ಆ ದೊಡ್ಡ ಕಲ್ಲಿನ ದ್ವಾರದ ಮಟ್ಟಕ್ಕೆ ಬೆಟ್ಟದೊಳಗೇ ಕೊರೆದ ಎಸ್ಕಲೇಟರುಗಳಿವೆ, ದ್ವಾರದ ಕೆಳಗೂ ಮೆಟ್ಟಿಲುಗಳ ಬದಲಿಗೆ ಎಸ್ಕಲೇಟರ್ ಹಿಡಿಯಬಹುದು. ಗಾಜಿನ ಹಾದಿಯನ್ನು ಬೇಡವೆನಿಸಿದವರು ತಪ್ಪಿಸಬಹುದು. ಟಿಕೆಟ್ಟನ್ನು ದಿನಾಂಕ ಮತ್ತು ಸಮಯ ನೋಡಿ ಕೊಡುವುದರಿಂದ ಹವಾಮಾನ ಗಮನಿಸಿ ಎರಡು ದಿನ ಮೊದಲು ಕೊಳ್ಳಿ. ಉಳಿಸಿಕೊಂಡ ಖಾಲಿ ದಿನ ಉಪಯೋಗಕ್ಕೆ ಬರುವುದು ಇಲ್ಲೇ, ಆದ್ದರಿಂದ ಅದನ್ನು ನಗರದ ಎರಡು ರಾತ್ರಿಗಳ ನಡುವೆ ಇಟ್ಟುಕೊಳ್ಳಿ.

ಗುವಾಂಗ್‌ಝೌನಿಂದ ಹುನಾನ್ ಪ್ರಾಂತ್ಯದ ರಾಜಧಾನಿ ಚಾಂಗ್‌ಶಾಗೆ ಹೈಸ್ಪೀಡ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಝಾಂಗ್‌ಜಿಯಾಜಿಯೆ ಪಶ್ಚಿಮ ನಿಲ್ದಾಣಕ್ಕೆ ಮತ್ತೆ ಎರಡು ಮೂರು ಗಂಟೆ. ವಿಮಾನ ಇಳಿದ ದಿನವೇ ಇದನ್ನು ಮಾಡಿಸಿ ತಂದೆಯವರನ್ನು ದಣಿಸಬೇಡಿ, ಚಾಂಗ್‌ಶಾದಲ್ಲಿ ರಾತ್ರಿ ತಂಗಿ. ರೈಲಿನ ಟಿಕೆಟ್ ಮಾರಾಟ ಹದಿನೈದು ದಿನ ಮುಂಚೆಯಷ್ಟೇ ತೆರೆಯುತ್ತದೆ, ಅದಕ್ಕಿಂತ ಮೊದಲೇ ಸೀಟು ಖಾತ್ರಿಯಾಗಿದೆಯೆಂದು ಏಜೆಂಟರು ಹೇಳಿದರೆ ನಂಬಬೇಡಿ. ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ತುಂಬಿ, ಏಕೆಂದರೆ ನಿಲ್ದಾಣದ ಗೇಟಿನಲ್ಲಿ ಪಾಸ್‌ಪೋರ್ಟೇ ಟಿಕೆಟ್.