ಬೇಸ್‌ಬಾಲ್ ಹೊಡೆತದಲ್ಲಿ ಕೈಗಳು ಎಲ್ಲಿರಬೇಕು? (ಪ್ರಶ್ನೋತ್ತರ)

ಪ್ರಶ್ನೆ (ದೈಹಿಕ ಶಿಕ್ಷಕರು, ಜಮಖಂಡಿ ತಾಲ್ಲೂಕು): ನಮಸ್ಕಾರ ಸರ್. ಕ್ರಿಕೆಟ್ ಆಡಿ ಬೆಳೆದ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಈ ವರ್ಷ ಬೇಸ್‌ಬಾಲ್ ತಂಡಕ್ಕೆ ಸೇರಿಸಿಕೊಂಡಿದ್ದೇನೆ. ಬಲಗೈ ಆಟಗಾರ. ತೋಳಿನಲ್ಲಿ ಕಸುವಿದ್ದರೂ ಮೈ ಹತ್ತಿರ ಬರುವ ಚೆಂಡು ಬ್ಯಾಟಿನ ಹಿಡಿಕೆಗೇ ತಾಗಿ ಸತ್ತು ಬೀಳುತ್ತದೆ. ಅವನ ಕೈಗಳನ್ನು ಹೇಗೆ ತಿದ್ದಲಿ?

ಉತ್ತರ (ತರಬೇತುದಾರರು, ಬೆಳಗಾವಿ): ನಮಸ್ಕಾರ ಸರ್. ತಾವು ಬರೆದದ್ದನ್ನು ನೋಡಿದರೆ, ಹೊಡೆತದ ಆರಂಭದಲ್ಲೇ ಅವನ ಕೈಗಳು ಮೈಯಿಂದ ದೂರ ಚಾಚಿಕೊಳ್ಳುತ್ತಿವೆ ಎನ್ನಿಸುತ್ತದೆ. ಕೈ ಹೊರಗೆ ಹೋದಷ್ಟೂ ಬ್ಯಾಟು ದೊಡ್ಡ ಸುತ್ತು ಹಾಕಬೇಕಾಗುತ್ತದೆ. ಅದರ ದಪ್ಪ ಭಾಗ ಚೆಂಡನ್ನು ಮುಟ್ಟುವ ಹೊತ್ತಿಗೆ ಚೆಂಡು ಒಳಗೆ ಬಂದುಬಿಟ್ಟಿರುತ್ತದೆ. ಎಸೆತದ ದೂರ ಪೂರ್ಣ ಅಳತೆಯ ಮೈದಾನದಲ್ಲೂ 18.44 ಮೀಟರ್ ಮಾತ್ರ, ಚೆಂಡು ನೆಲಕ್ಕೆ ಪುಟಿಯುವುದೂ ಇಲ್ಲ. ಆದ್ದರಿಂದ ತಡವನ್ನು ಸರಿದೂಗಿಸಿಕೊಳ್ಳಲು ಅವಕಾಶವೇ ಸಿಗದು.

ಮೊದಲು ಹಿಡಿತವನ್ನು ನೋಡಿರಿ. ಎಡಗೈ ಕೆಳಗೆ, ಬಲಗೈ ಅದಕ್ಕೆ ತಾಗಿ ಮೇಲೆ. ಹಿಡಿಕೆ ಅಂಗೈಯಲ್ಲಿ ಹುದುಗದೆ ಬೆರಳುಗಳಲ್ಲಿ ನಿಲ್ಲಬೇಕು. ಕಟ್ಟಿಗೆ ಒಡೆಯಲು ಕೊಡಲಿ ಹಿಡಿಯುವಂತೆ ಹಿಡಿಯಲು ಹೇಳಿದರೆ ನಮ್ಮ ಹಳ್ಳಿಯ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ನಿಂತಾಗ ಕೈಗಳು ಬಲ ಹೆಗಲಿನ ಮಟ್ಟದಲ್ಲಿ, ಎದೆಯಿಂದ ಸುಮಾರು ಅರ್ಧ ಗೇಣು ದೂರದಲ್ಲಿರಲಿ.

ಇನ್ನು ಚಲನೆ. ನಿಮ್ಮ ಹುಡುಗನ ತೊಂದರೆಯ ಬೇರು ಇರುವುದು ಇಲ್ಲಿಯೇ. ಎಡಗಾಲು ಮುಂದಿಡುವಾಗ ಕೈಗಳು ಮೂರ್ನಾಲ್ಕು ಬೆರಳಿನಷ್ಟು ಹಿಂದೆ ಸರಿಯಬೇಕು. ಕಾಲು ಊರಿದ ಮೇಲೆ ಮೊದಲು ಸೊಂಟ ತಿರುಗಬೇಕು, ಅದರ ಬೆನ್ನಿಗೆ ಬಲ ಮೊಣಕೈ ಪಕ್ಕೆಯ ಹತ್ತಿರ ಇಳಿಯಬೇಕು, ಹಿಡಿಕೆಯ ತುದಿ ಚೆಂಡಿನತ್ತ ಮುಂದಾಗಬೇಕು. ಬ್ಯಾಟಿನ ದಪ್ಪ ಭಾಗ ಕೊನೆಗೆ ಬೀಸಿಕೊಂಡು ಬರುತ್ತದೆ. ತೋಳಿನಿಂದಲೇ ಹೊಡೆಯುವ ಹುಡುಗರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಅಭ್ಯಾಸಕ್ಕೆ ಒಂದು ಹಗ್ಗ ಕಟ್ಟಿ ಕಂಬಳಿ ಹರವಿರಿ. ಹಿಡಿಕೆಯ ತುದಿ ಹೊಟ್ಟೆಗೆ, ಬ್ಯಾಟಿನ ತುದಿ ಕಂಬಳಿಗೆ ತಾಗುವಷ್ಟು ದೂರದಲ್ಲಿ ಅದಕ್ಕೆ ಎದುರಾಗಿ ನಿಲ್ಲಿಸಿ, ಕಂಬಳಿಗೆ ತಾಗದಂತೆ ನಿಧಾನವಾಗಿ ಬೀಸಲು ಹೇಳಿರಿ. ಕೈ ಚಾಚಿದರೆ ಬ್ಯಾಟು ಕಂಬಳಿಗೆ ಬಡಿಯುತ್ತದೆ, ತಪ್ಪು ಅವನಿಗೇ ಗೊತ್ತಾಗುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಸರ್. ಚೆಂಡು ತಾಗುವಾಗಲೇ ಮಣಿಕಟ್ಟು ಹೊರಳಿಸಲು ಹೇಳಿಕೊಟ್ಟಿದ್ದೆ. ಅದು ಸರಿಯೇ?

ಉತ್ತರ: ದಯವಿಟ್ಟು ಅದನ್ನು ಬಿಡಿಸಿರಿ. ಚೆಂಡು ತಾಗುವ ಕ್ಷಣದಲ್ಲಿ ಬಲ ಅಂಗೈ ಮೇಲ್ಮುಖವಾಗಿ, ಎಡ ಅಂಗೈ ಕೆಳಮುಖವಾಗಿ ಇರಬೇಕು. ಆಗಲೇ ಹೊರಳಿಸಿದರೆ ಬ್ಯಾಟು ಚೆಂಡಿನ ಮೇಲ್ಭಾಗಕ್ಕೆ ಸವರಿ, ಚೆಂಡು ನೆಲಕ್ಕೆ ಉರುಳುತ್ತದೆ. ಚೆಂಡು ಬ್ಯಾಟನ್ನು ಬಿಟ್ಟು ಹೋದ ಮೇಲೆ, ತೋಳುಗಳು ಪೂರ್ತಿ ಚಾಚಿಕೊಂಡ ನಂತರ ಮಣಿಕಟ್ಟು ತಾನಾಗಿಯೇ ಹೊರಳುತ್ತದೆ.