ಅಪ್‌ಡೇಟ್: ದಪ್ಪ ಕುಶನ್‌ನ ಟ್ರೇಲ್ ಶೂ ಹಾಕಿ ಓಡಿದೆ

ದಪ್ಪ ಕುಶನ್ ಇರುವ ಟ್ರೇಲ್ ಶೂನಲ್ಲಿ (ಗುಡ್ಡ-ಕಾಡಿನ ಕಚ್ಚಾ ದಾರಿಯಲ್ಲಿ ಓಡೋಕೆ ಮಾಡಿದ ಶೂ) ಕಾಲು ಉಳುಕುತ್ತಾ ಅಂತ ಕೇಳಿದ್ದೆನಲ್ಲ, ಈಗ ಹಾಕಿ ಓಡಿದೆ. ಇಳಿಜಾರಿನಲ್ಲಂತೂ ಮಜಾ! ಚೂಪು ಕಲ್ಲು ಮೆಟ್ಟಿದರೂ ಚುಚ್ಚುವುದಿಲ್ಲ, ಮರುದಿನ ತೊಡೆ ನೋವೂ ಕಡಿಮೆ. ಆದರೆ ಕಾಲಡಿ ಏನಿದೆ ಅಂತ ಸರಿಯಾಗಿ ಗೊತ್ತಾಗಲ್ಲ, ಅದರಲ್ಲೂ ಒಂದು ಪಕ್ಕಕ್ಕೆ ವಾಲಿದ ಕಿರುದಾರಿಯಲ್ಲಿ ಪಾದ ಶೂ ಒಳಗೇ ಜಾರಿ ಇನ್ನೇನು ಹೊರಳಿಯೇ ಬಿಟ್ಟಿತು ಅನ್ನಿಸಿತು. ಉಳುಕಲಿಲ್ಲ, ಪುಣ್ಯ. ನೀವು ಹೇಳಿದ ಹಾಗೆ ಮೇಲಿನ ಕೊನೆಯ ತೂತಿಗೂ ಲೇಸ್ ಪೋಣಿಸಿ ಬಿಗಿದ ಮೇಲೆ ಹಿಮ್ಮಡಿ ಅಲ್ಲಾಡುವುದು ನಿಂತಿತು. ಇನ್ನೊಂದು, ಇದರ ಡ್ರಾಪ್, ಅಂದ್ರೆ ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, 4 ಮಿ.ಮೀ. ಅಷ್ಟೇ. ಹಳೆಯದರಲ್ಲಿ 10 ಇತ್ತು. ಅದಕ್ಕೇ ಇರಬೇಕು, ಮೀನಖಂಡ ಹಿಡಿದುಕೊಂಡಿದೆ. ಸದ್ಯಕ್ಕೆ ಚಿಕ್ಕ ಓಟಗಳಿಗೆ ಮಾತ್ರ ಇದು, ಉದ್ದ ಓಟಕ್ಕೆ ಇನ್ನೂ ಹಳೇ ಶೂನೇ.